ಮನೆ ಬಿಟ್ಟು ಬಂದ ಮೇಲೆ ಶುರುವಾಗುವ ಕೆಲಸ

ಗಂಡನ ವೀಸಾ ಮೇಲೆ ಪರದೇಶಕ್ಕೆ ಬಂದು, ಅಲ್ಲಿ ಹೊಡೆತ ತಿಂದು, ಮಕ್ಕಳನ್ನು ಕಟ್ಟಿಕೊಂಡು ಹೊರಬಿದ್ದ ಹೆಂಗಸರ ಜೊತೆ ನಾವೊಂದಿಷ್ಟು ಜನ ಓಡಾಡುತ್ತೇವೆ. ಸಂಸ್ಥೆ ಅಂತೇನೂ ಇಲ್ಲ. ಒಬ್ಬರ ಹತ್ತಿರ ಕಾರಿದೆ, ಒಬ್ಬರಿಗೆ ಭಾಷೆ ಬರುತ್ತದೆ, ಇನ್ನೊಬ್ಬರಿಗೆ ಮಧ್ಯಾಹ್ನ ಬಿಡುವಿರುತ್ತದೆ.

ಮೊದಲ ತಲೆನೋವು ಕಾಗದಪತ್ರ. ಪಾಸ್‌ಪೋರ್ಟ್ ಎಷ್ಟೋ ಸಲ ಗಂಡನ ಹತ್ತಿರವೇ ಇರುತ್ತದೆ, ಜೊತೆಗೆ "ನನ್ನ ಬಿಟ್ಟರೆ ನಿನ್ನನ್ನ ಊರಿಗೆ ಅಟ್ಟುತ್ತಾರೆ" ಅನ್ನುವ ಬೆದರಿಕೆ ಬೇರೆ. ಎಲ್ಲ ಕಡೆ ಅದು ನಿಜವಲ್ಲ. ಅಮೆರಿಕದಲ್ಲಿ 1994ರ ಕಾನೂನಿನ ಪ್ರಕಾರ, ಗಂಡ ಅಲ್ಲಿನ ಪ್ರಜೆಯೋ ಗ್ರೀನ್ ಕಾರ್ಡ್ ಇರುವವನೋ ಆಗಿದ್ದರೆ, ಹೆಂಡತಿ ಅಲ್ಲೇ ಉಳಿಯಲು ಅವನಿಗೆ ಗೊತ್ತಾಗದ ಹಾಗೆ ತಾನೇ ಅರ್ಜಿ ಹಾಕಬಹುದು. ಹೆಂಗಸರ ಮೇಲಿನ ಹಿಂಸೆ ತಡೆಯಲು ಆದ ಯುರೋಪಿನ 2011ರ ಇಸ್ತಾಂಬುಲ್ ಒಪ್ಪಂದದ 59ನೇ ವಿಧಿಯೂ ಇಂಥವರ ವಾಸದ ಪರವಾನಗಿ ಬಗ್ಗೆಯೇ ಇದೆ, ಆದರೆ ಕೆಲವು ದೇಶಗಳು ಅದಕ್ಕೆ ವಿನಾಯಿತಿ ಇಟ್ಟುಕೊಂಡಿವೆ. ಹಾಗಾಗಿ ನಾವು ಬಾಯಿಗೆ ಬಂದ ಸಲಹೆ ಕೊಡುವುದಿಲ್ಲ, ವಲಸೆ ಕಾನೂನು ಗೊತ್ತಿರುವ ವಕೀಲರ ಹತ್ತಿರ ಕರೆದುಕೊಂಡು ಹೋಗುತ್ತೇವೆ.

ಒಂದು ವಿಷಯಕ್ಕೆ ಮಾತ್ರ ನಾನು ಜಗಳಕ್ಕೇ ನಿಲ್ಲುತ್ತೇನೆ. ಅಮ್ಮನ ಮಾತನ್ನು ಅಲ್ಲಿನ ಭಾಷೆಯಲ್ಲಿ ಹೇಳಲು ಮಗುವನ್ನು ಕೂರಿಸಬಾರದು. ಮಕ್ಕಳು ಶಾಲೆಗೆ ಹೋಗಿ ಭಾಷೆ ಬೇಗ ಕಲಿತಿರುತ್ತಾರೆ, ಕಚೇರಿಯವರಿಗೂ ಅದೇ ಸಲೀಸು. ಹಾಗಂತ ಅಮ್ಮ ತಿಂದ ಏಟನ್ನ ಮಗನ ಬಾಯಲ್ಲಿ ಹೇಳಿಸುವುದಾ? ಪರಿಚಯದ ನಮ್ಮವರೂ ಬೇಡ. ಸಂಜೆಯೊಳಗೆ ಗಂಡನ ಕಿವಿಗೆ ಬೀಳುತ್ತದೆ, ಆಮೇಲೆ "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಅಂತ ಹಿರಿಯರ ಫೋನು.

ಒಂದು ಮನೆಯಲ್ಲಿ ಹತ್ತು ವರ್ಷದ ಮಗಳೇ ಯಜಮಾನಿಯಾಗಿದ್ದಳು. ಬಂದ ಪತ್ರ ಒಡೆದು ಓದುವುದು ಅವಳೇ, ತಮ್ಮನನ್ನು ಗದರುವುದೂ ಅವಳೇ. ಅಮ್ಮ ಬಾಯಿ ತೆರೆದರೆ "ನಿಂಗೊತ್ತಾಗಲ್ಲ, ಸುಮ್ನಿರು" ಅನ್ನುತ್ತಿದ್ದಳು, ಥೇಟ್ ಅಪ್ಪನ ದನಿಯಲ್ಲಿ. ನಾವು ಅವಳಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಶಾಲೆಯವರನ್ನು ಕೇಳಿ ಹೊರಗಿನ ದುಭಾಷಿಯನ್ನು ಕರೆಸಿ, ಟೀಚರ್ ಜೊತೆ ಅಮ್ಮನೇ ಮಾತಾಡುವ ಹಾಗೆ ಮಾಡಿದೆವು. ಮಗಳು ಬಾಗಿಲಾಚೆ ಬೆಂಚಿನ ಮೇಲೆ ಸಿಡಿಮಿಡಿ ಅನ್ನುತ್ತಾ ಕೂತಿದ್ದಳು. ಬ್ಯಾಂಕಿನಲ್ಲೂ ಅಷ್ಟೇ. ಆ ಅಮ್ಮ ಪಿನ್ ಒತ್ತುವಾಗ ನಾನು ಬೆನ್ನು ತಿರುಗಿಸಿ ನಿಂತೆ. "ನೀವೂ ನೋಡ್ಕೊಳ್ಳಿ ಅಕ್ಕಾ, ನಾನು ಮರೆತರೆ?" ಅಂದರು. ಮರೆತರೆ ಬ್ಯಾಂಕಿನವರು ಹೊಸದು ಕೊಡುತ್ತಾರೆ, ನನಗೆ ಬೇಡ ಅಂದೆ. ಸಹಾಯಕ್ಕೆ ಬಂದವರೇ ಇನ್ನೊಬ್ಬ ಯಜಮಾನರಾಗಿಬಿಡುವುದು ಬಹಳ ಸುಲಭ, ಅಲ್ವಾ?

ಇನ್ನು, ಕೋರ್ಟು ಹೇಳಿದ ದಿನ ಮಕ್ಕಳನ್ನು ಅಪ್ಪನ ಜೊತೆ ಕಳಿಸುವಾಗ ಅಮ್ಮ ಒಬ್ಬರನ್ನೇ ಬಿಡುವುದಿಲ್ಲ. ನಾಲ್ಕು ಜನ ಓಡಾಡುವ ಜಾಗದಲ್ಲಿ ನಮ್ಮಲ್ಲೊಬ್ಬರು ಪಕ್ಕದಲ್ಲಿರುತ್ತಾರೆ. ವಾಪಸ್ ಬಂದ ಕೂಡಲೇ ಮಕ್ಕಳ ಬ್ಯಾಗು, ಟ್ಯಾಬು ನೋಡಿ, ಲೊಕೇಶನ್ ಆನ್ ಆಗಿದ್ದರೆ ಆಫ್ ಮಾಡುತ್ತೇವೆ.