ಕಲಬುರಗಿ ಬಿಸಿಲಿನಲ್ಲಿ ಬಿಳಿ ವೈನ್: ನನ್ನ ಅನುಭವ

ದ್ರಾಕ್ಷಿ ಕೊಯ್ಲು ನಸುಕಿನ 4 ಗಂಟೆಗೆ ಶುರುವಾಗಿ 8ರೊಳಗೆ ಮುಗಿಯಬೇಕು. ಫೆಬ್ರವರಿ ಕೊನೆಗೆ ಕಲಬುರಗಿಯ ಮಧ್ಯಾಹ್ನ 35 ಡಿಗ್ರಿ ಮುಟ್ಟುತ್ತದೆ. ಆ ಬಿಸಿ ಹಿಡಿದ ಗೊಂಚಲು ಕ್ರೇಟಿನಲ್ಲೇ ರಸ ಬಿಟ್ಟು ಹುಳಿಯತೊಡಗುತ್ತದೆ. ನಮ್ಮ ಕಡೆ ಬಿಳಿ ವೈನಿನ ಮುಕ್ಕಾಲು ಕೆಲಸ ಬಿಸಿಯನ್ನೂ ಗಾಳಿಯನ್ನೂ ರಸದಿಂದ ದೂರ ಇಡುವುದೇ.

ದ್ರಾಕ್ಷಿ ತಳಿ ಶೆನಿನ್ ಬ್ಲಾಂಕ್, ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರಿದ ಮೇಲೆ ಬರುವ) ಬೆಳೆ. ಪೇಟೆಯಲ್ಲಿ ಸಿಗುವ ಥಾಮ್ಸನ್ ಸೀಡ್‌ಲೆಸ್ ತಿನ್ನಲು ಸರಿ, ವೈನಾದ ಮೇಲೆ ಅದಕ್ಕೆ ಹೇಳಿಕೊಳ್ಳುವಂಥ ಪರಿಮಳ ಇರುವುದಿಲ್ಲ. ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) 20, ಪಿಎಚ್ (ಇಳಿದಷ್ಟೂ ಹುಳಿ ಹೆಚ್ಚು) 3.3, ಆಮ್ಲ ಲೀಟರಿಗೆ 6.5 ಗ್ರಾಂ ಆಸುಪಾಸು ಬಂದಾಗ ಕೊಯ್ಯುತ್ತೇವೆ. ಇನ್ನಷ್ಟು ಸಿಹಿಯಾಗಲಿ ಎಂದು ವಾರ ಬಿಟ್ಟರೆ ಬಿಸಿಲಿಗೆ ಹಣ್ಣಿನೊಳಗಿನ ಮ್ಯಾಲಿಕ್ ಆಮ್ಲ ಇಳಿದು ಪಿಎಚ್ 3.6ರ ಕಡೆ ಹೋಗುತ್ತದೆ. ಲೀಟರಿಗೆ 1 ಗ್ರಾಂ ಟಾರ್ಟಾರಿಕ್ ಆಮ್ಲ ಹಾಕಿದರೆ ಪಿಎಚ್ ಸುಮಾರು 0.1 ಇಳಿಯುತ್ತದೆ, ಹೋದ ಪರಿಮಳ ಮಾತ್ರ ಮರಳುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡಬೇಕು. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಮಾರುವುದಕ್ಕಷ್ಟೇ ಅಲ್ಲ, ತಯಾರಿಸುವುದಕ್ಕೂ ಪರವಾನಗಿ ಬೇಕು.

ಕೆಳಗಿನ ಲೆಕ್ಕವೆಲ್ಲ 100 ಕಿಲೋ ಹಣ್ಣಿನದು. ಗೊಂಚಲನ್ನು ತೊಟ್ಟು ಸಮೇತ ಬುಟ್ಟಿ ಪ್ರೆಸ್ಸಿಗೆ ಹಾಕಿ ನಿಧಾನವಾಗಿ ಒತ್ತುತ್ತೇವೆ. ತೊಟ್ಟಿದ್ದರೆ ರಸ ಹರಿಯಲು ದಾರಿಯಾಗುತ್ತದೆ. ಮಿಕ್ಸಿ, ಗ್ರೈಂಡರ್ ಬೇಡವೇ ಬೇಡ, ಬೀಜ ಒಡೆದರೆ ಕಹಿ. 60 ಲೀಟರ್ ರಸ ಬಂದಾಗ ನಿಲ್ಲಿಸುತ್ತೇವೆ. ಇನ್ನೂ 5 ಲೀಟರ್ ಹಿಂಡಬಹುದು, ಆದರೆ ಅದು ಒಗರು, ಬೇರೆ ಪಾತ್ರೆಗೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವ ಹಾಗೆ ಈ ರಸವೂ ಗಾಳಿಗೆ ಕಂದುತ್ತದೆ. ಅದಕ್ಕೇ ರಸ ಬೀಳುವ ಪಾತ್ರೆಯಲ್ಲಿ ಮೊದಲೇ 5 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಕರಗಿಸಿ ಇಟ್ಟಿರುತ್ತೇವೆ. ಅದರ ತೂಕದ ಶೇ. 57ರಷ್ಟು ಗಂಧಕದ ಡೈಆಕ್ಸೈಡ್, ರಸ ಕಂದದಂತೆ ಕಾಯುವುದು ಅದೇ. ಅಂದರೆ 60 ಲೀಟರಿಗೆ ಹತ್ತಿರಹತ್ತಿರ 47 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ). ಕಳೆದ ವರ್ಷ ಒಡೆದ ಪಾಕೀಟು ಬಳಸಬೇಡಿ, ಅದರ ಕಸುವು ಇಳಿದಿರುತ್ತದೆ.

ರಸ ತಿಳಿಯಾಗಲು ನೆರವಾಗುವ ಪೆಕ್ಟಿನೇಸ್ ಕಿಣ್ವವನ್ನು ಪಾಕೀಟಿನ ಅಳತೆಯಂತೆ ಹಾಕಿ, ರಸವನ್ನು 6–8 ಡಿಗ್ರಿಯಲ್ಲಿ ಒಂದು ಹಗಲು ಒಂದು ರಾತ್ರಿ ಕದಲಿಸದೆ ಇಡುತ್ತೇವೆ. 25 ಡಿಗ್ರಿಯಲ್ಲಿಟ್ಟರೆ ಗಸಿ ಕೂರುವ ಮೊದಲೇ ಕಾಡು ಯೀಸ್ಟ್ ನೊರೆ ಎಬ್ಬಿಸುತ್ತದೆ. ಮೇಲಿನ ತಿಳಿಯನ್ನು ಪೈಪಿನಿಂದ ಇಳಿಸಿ ತಳದ ಗಸಿ ಬಿಡಬೇಕು. ಆದರೆ ಕನ್ನಡಿಯಷ್ಟು ತಿಳಿ ಬೇಡ. ಎಳನೀರಿನಂತೆ ಕೊಂಚ ಮಬ್ಬಿರಲಿ, ಇಲ್ಲವಾದರೆ ಯೀಸ್ಟಿಗೆ ಆಧಾರ ಸಾಲದೆ ಹುದುಗು ನಡುವೆ ನಿಂತುಬಿಡುತ್ತದೆ.

15 ಗ್ರಾಂ ಒಣ ಯೀಸ್ಟನ್ನು 38 ಡಿಗ್ರಿಯ 150 ಮಿಲಿ ನೀರಿನಲ್ಲಿ 20 ನಿಮಿಷ ನೆನೆಸಿ, ತಣ್ಣನೆಯ ರಸವನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತೇವೆ. ಎರಡರ ನಡುವೆ 10 ಡಿಗ್ರಿಗಿಂತ ಹೆಚ್ಚು ಅಂತರ ಉಳಿದಾಗ ಸುರಿದರೆ ಅರ್ಧ ಯೀಸ್ಟ್ ಅಲ್ಲೇ ಸಾಯುತ್ತದೆ. ಇಸಿ-1118 ನಂಬಿಕೆಯ ಯೀಸ್ಟು, ಆದರೆ ಸಪ್ಪೆ. ಹಣ್ಣಿನ ಪರಿಮಳ ಬೇಕಾದರೆ ಬಿಳಿ ವೈನಿಗೆಂದೇ ಇರುವ ಪರಿಮಳದ ತಳಿ ತರಿಸಿ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಹುದುಗುವ ತಾಪ. ಒಂದು ಬ್ರಿಕ್ಸ್ ಸಕ್ಕರೆ ಹುದುಗಿದರೆ ರಸ ಸುಮಾರು 1.3 ಡಿಗ್ರಿ ಬಿಸಿಯಾಗುತ್ತದೆ. ತಣಿಸದಿದ್ದರೆ 20 ಬ್ರಿಕ್ಸ್ ತನ್ನ ಬಿಸಿಗೆ ತಾನೇ ಬೇಯುತ್ತದೆ. ಪರಿಮಳವೆಲ್ಲ ಗುಳ್ಳೆಗಳ ಜೊತೆ ಹಾರಿಹೋಗಿ ಕೋಣೆ ಘಮಘಮ, ಬಾಟಲಿ ಖಾಲಿ. 14–16 ಡಿಗ್ರಿ ಹಿಡಿದಿಟ್ಟು, ದಿನಕ್ಕೆ ಒಂದು ಬ್ರಿಕ್ಸಿನಷ್ಟು ಇಳಿಯುವಂತೆ ನೋಡಿಕೊಳ್ಳುತ್ತೇವೆ. ಕರೆಂಟ್ ಹೋಗುವುದು ಇದ್ದೇ ಇದೆ, ಹಾಗಾಗಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗಳನ್ನು ಟ್ಯಾಂಕಿನ ಸುತ್ತಲಿನ ನೀರಿನ ತೊಟ್ಟಿಗೆ ಹಾಕಲು ಸಿದ್ಧ ಇಟ್ಟುಕೊಳ್ಳುತ್ತೇವೆ. 12ಕ್ಕಿಂತ ಕೆಳಗೆ ಇಳಿಸಬೇಡಿ, ಯೀಸ್ಟ್ ಮಲಗುತ್ತದೆ. ಕೋಣೆಯ ಕಿಟಕಿ ತೆರೆದಿರಲಿ. ಹುದುಗುವಾಗ ಹೊರಬರುವ ಅಂಗಾರಾಮ್ಲ (ಕಾರ್ಬನ್ ಡೈಆಕ್ಸೈಡ್) ನೆಲಮಟ್ಟದಲ್ಲಿ ತುಂಬಿಕೊಂಡು ಉಸಿರು ಕಟ್ಟಿಸುತ್ತದೆ.

ಸಕ್ಕರೆಯ ಮೂರನೇ ಒಂದು ಭಾಗ ಇಳಿದಾಗ ಯೀಸ್ಟಿಗೆ ಸಾರಜನಕದ ಆಹಾರವಾಗಿ 12 ಗ್ರಾಂ ಡೈಅಮೋನಿಯಂ ಫಾಸ್ಫೇಟ್ ಕೊಡುತ್ತೇವೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಸಾಮಾನ್ಯವಾಗಿ ಯೀಸ್ಟಿಗೆ ಸಾರಜನಕ ಸಾಲದು ಎಂದರ್ಥ. ಇನ್ನೊಂದು ಎಡವಟ್ಟು ಅಳತೆಯದು. ಆಲ್ಕೋಹಾಲ್ ಹುಟ್ಟಿದ ಮೇಲೆ ಬೆಳಕಿನಿಂದ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ಸಿಹಿ ಇದೆ ಎಂದೇ ತೋರಿಸುತ್ತಿರುತ್ತದೆ, ರಸದಲ್ಲಿ ತೇಲಿಸಿ ಸಾಂದ್ರತೆ ಅಳೆಯುವ ಹೈಡ್ರೋಮೀಟರನ್ನೇ ನಂಬಿ. ಸಾಂದ್ರತೆ (ನೀರಿನದು 1) 0.994ರ ಹತ್ತಿರ ಬಂದು ಮೂರು ದಿನ ಅಲ್ಲೇ ನಿಂತರೆ ಮುಗಿದಂತೆ. ಆಲ್ಕೋಹಾಲ್ ಶೇ. 11.5 ಆಸುಪಾಸು ಬಂದಿರುತ್ತದೆ.

ಆಮೇಲೆ ಗಸಿ ಬಿಟ್ಟು ಇನ್ನೊಂದು ಪಾತ್ರೆಗೆ ಇಳಿಸಿ, ಮತ್ತೆ 5 ಗ್ರಾಂ ಮೆಟಾಬೈಸಲ್ಫೈಟ್ ಹಾಕಿ ಕಂಠಮಟ್ಟ ತುಂಬಿಸಬೇಕು. ಮೇಲೆ ನಾಲ್ಕು ಬೆರಳು ಜಾಗ ಬಿಟ್ಟರೂ ತಿಂಗಳೊಪ್ಪತ್ತಿನಲ್ಲಿ ವೈನ್ ಸೇಬು ಕೊಳೆತ ಘಾಟು ಹಿಡಿಯುತ್ತದೆ. ಮಬ್ಬು ತರುವ ಪ್ರೋಟೀನ್ ತೆಗೆಯಲು 45 ಗ್ರಾಂ ಬೆಂಟೋನೈಟ್ ಜೇಡಿಯನ್ನು ಬಿಸಿನೀರಲ್ಲಿ ರಾತ್ರಿಯಿಡೀ ನೆನೆಸಿ ವೈನಿಗೆ ಕಲಸುತ್ತೇವೆ. ಸಾಕಾಯಿತೇ ಎಂದು ತಿಳಿಯಲು ಸೋಸಿದ ಒಂದು ಲೋಟ ವೈನನ್ನು 80 ಡಿಗ್ರಿಯಲ್ಲಿ 2 ಗಂಟೆ ಇಟ್ಟು ಆರಿಸಿ ನೋಡುತ್ತೇವೆ. ಮಬ್ಬು ಬಂದರೆ ಪ್ರೋಟೀನ್ ಉಳಿದಿದೆ, ಇನ್ನಷ್ಟು ಜೇಡಿ ಬೇಕು. ಈ ಪರೀಕ್ಷೆ ಬಿಟ್ಟ ವೈನ್ ಮೇ ತಿಂಗಳ ಗಾಡಿಯಲ್ಲಿ ಹೊರಟರೆ ದಾರಿಯಲ್ಲೇ ಮಜ್ಜಿಗೆ ನೀರಾಗುತ್ತದೆ.

ಬಾಟಲಿಗೆ ಮೊದಲು ಎರಡು ವಾರ ಸೊನ್ನೆ ಡಿಗ್ರಿ ಹತ್ತಿರ ಇಡುತ್ತೇವೆ, ಟಾರ್ಟಾರಿಕ್ ಆಮ್ಲದಿಂದಾಗುವ ಟಾರ್ಟರ್ ಹರಳು ಅಲ್ಲೇ ಉದುರಲಿ ಎಂದು. ಹರಳು ಅಪಾಯವೇನಲ್ಲ, ಆದರೆ ಗಾಜಿನ ಚೂರೆಂದು ಗಿರಾಕಿ ಹೆದರುತ್ತಾನೆ. ಸಿಹಿ ಉಳಿಸಬೇಕೆನ್ನುವವರು ಯೀಸ್ಟನ್ನು ತಡೆಯುವ 0.45 ಮೈಕ್ರಾನ್ ಫಿಲ್ಟರ್ ಇಲ್ಲದೆ ಬಾಟಲಿ ಮುಚ್ಚಬಾರದು, ಒಳಗೇ ಮತ್ತೆ ಹುದುಗಿ ಸಿಡಿಯುತ್ತದೆ. ತುಂಬಿದ ಬಾಟಲಿಗಳನ್ನು 15 ಡಿಗ್ರಿಯಲ್ಲಿ ಕತ್ತಲೆಗಿಟ್ಟು, ವರ್ಷದೊಳಗೆ 8–10 ಡಿಗ್ರಿಗೆ ತಣಿಸಿ ಕುಡಿದು ಮುಗಿಸಿ.