‘ಸೈಜ್ ಆಗಲಿಲ್ಲ ಅಕ್ಕ’ ಎಂಬ ಮೆಸೇಜಿಗೆ ಏನು ಮಾಡಬೇಕು?

ತುಮಕೂರು, ತಿಪಟೂರು, ಚಿಂತಾಮಣಿ ಕಡೆ ಮನೆಯ ಒಂದು ಕೋಣೆಯಲ್ಲೇ ಕುರ್ತಿ, ನೈಟಿ, ಸೀರೆ ಇಟ್ಟುಕೊಂಡು ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂನಲ್ಲಿ ಮಾರುವವರು ಬಹಳ ಜನ ಇದ್ದಾರೆ. ಬಟ್ಟೆ ಆರಿಸುವುದರಲ್ಲಿ ಇವರು ಎಡವುವುದು ಕಡಿಮೆ. ಎಡವುವುದು ಮಾರಿದ ಮೇಲೆ. ಸೈಜ್ ಆಗಲಿಲ್ಲ ಎಂಬ ಮೆಸೇಜ್ ಬಂದರೆ ಎರಡು ದಿನ ಉತ್ತರವೇ ಇರುವುದಿಲ್ಲ, ಇಲ್ಲವೇ ‘ನಾವು ಸರಿಯಾಗೇ ಕಳಿಸಿದ್ದೀವಿ’ ಎಂದು ವಾದಕ್ಕೆ ಇಳಿಯುತ್ತಾರೆ. ಆ ಜಗಳದ ಬೇರು ಬಹುಪಾಲು ಫೋಟೊ ಕೆಳಗೆ ಬರೆದ ಅಳತೆಯಲ್ಲಿರುತ್ತದೆ. ಹಾಗಾಗಿ ಕೆಲಸ ಅಲ್ಲಿಂದಲೇ ಶುರುವಾಗಬೇಕು.

1. ಟೇಪು ಹಿಡಿದು ಅಳೆಯಿರಿ

ಲೇಬಲ್ ನೋಡಿ ‘ಎಲ್, ಎಕ್ಸ್‌ಎಲ್ ಇದೆ’ ಎಂದು ಬರೆಯಬೇಡಿ. ಒಬ್ಬ ತಯಾರಕರ 40 ಎಂದರೆ ಬಟ್ಟೆಯ ಎದೆ ಸುತ್ತಳತೆ 40 ಇಂಚು. ಇನ್ನೊಬ್ಬರ 40 ಎಂದರೆ ಮೈ ಅಳತೆ 40 ಇರುವವರಿಗೆ ಹೊಲಿದದ್ದು, ಬಟ್ಟೆ 42 ಇರುತ್ತದೆ. ಎರಡೂ ನಿಮ್ಮ ಒಂದೇ ಕಪಾಟಿನಲ್ಲಿ ಇರಬಹುದು.

ಕುರ್ತಿಗೆ ಇಸ್ತ್ರಿ ಹಾಕಿ, ಗುಂಡಿ ಜಿಪ್ ಮುಚ್ಚಿ, ಗಟ್ಟಿ ಮೇಜಿನ ಮೇಲೆ ಹಾಸಿ. ಹಾಸಿಗೆ ಮೇಲೆ ಬೇಡ, ತಗ್ಗಿದ ಕಡೆ ಅರ್ಧ ಇಂಚು ವ್ಯತ್ಯಾಸ ಬರುತ್ತದೆ. ಎಳೆಯದೆ ಅಂಗೈಯಿಂದ ಸವರಿ ಸುಕ್ಕು ಬಿಡಿಸಿ. ಕಂಕುಳ ಹೊಲಿಗೆಗಿಂತ ಒಂದು ಇಂಚು ಕೆಳಗೆ, ಈ ಬದಿಯಿಂದ ಆ ಬದಿಗೆ ಟೇಪು ಹಿಡಿಯಿರಿ. 20 ಬಂದರೆ ಎದೆ ಸುತ್ತಳತೆ 40. ಹೀಗೇ ಸೊಂಟ, ಆಮೇಲೆ ಪಕ್ಕದ ಸ್ಲಿಟ್ ಶುರುವಾಗುವಲ್ಲಿ ಹಿಪ್. ಉದ್ದವನ್ನು ಕುತ್ತಿಗೆ ಪಕ್ಕದ ಭುಜದ ಹೊಲಿಗೆಯಿಂದ ಅಂಚಿನವರೆಗೆ ತೆಗೆದುಕೊಳ್ಳಿ. ಎಲ್ಲರೂ ಮರೆಯುವುದು ತೋಳಿನ ಸುತ್ತಳತೆ. ಎದೆ ಸರಿಯಾಗಿದ್ದು ರಟ್ಟೆಯಲ್ಲಿ ಸಿಕ್ಕಿಹಾಕಿಕೊಳ್ಳುವ ಕುರ್ತಿ ವಾಪಸ್ ಬರುವುದು ಈ ಒಂದು ಅಳತೆ ಬರೆಯದ್ದಕ್ಕೆ. ಬಟ್ಟೆಯನ್ನು ಪದರ ಪದರವಾಗಿ ಪೇರಿಸಿ ಒಟ್ಟಿಗೆ ಕತ್ತರಿಸುವುದರಿಂದ ಒಂದೇ ಸೈಜಿನ ಎರಡು ಪೀಸುಗಳೂ ಹೆಚ್ಚುಕಮ್ಮಿ ಇರುತ್ತವೆ. ಎರಡನ್ನು ಅಳೆದು, ಚಿಕ್ಕದ್ದರ ಅಳತೆ ಬರೆಯಿರಿ.

ಬರೆಯುವಾಗ ‘ಬಟ್ಟೆಯ ಅಳತೆ’ ಎಂದು ಸ್ಪಷ್ಟವಾಗಿ ಹೇಳಿ. ಹಿಗ್ಗದ ಕಾಟನ್, ರೇಯಾನ್ ಕುರ್ತಿಗೆ ಮೈ ಅಳತೆಗಿಂತ ಎರಡು ಮೂರು ಇಂಚು ಹೆಚ್ಚಿರಬೇಕು. ಅಂದರೆ ‘ಬಟ್ಟೆ 40, ಮೈ ಅಳತೆ 37–38 ಇರುವವರಿಗೆ ಹಿತ, 39ಕ್ಕೆ ಬಿಗಿ’ ಎಂಬ ಒಂದು ಸಾಲು ಸಾಕು. ಗ್ರಾಹಕರನ್ನು ‘ನಿಮ್ಮ ಸೈಜ್ ಎಷ್ಟು?’ ಎಂದು ಕೇಳಲೇಬೇಡಿ. ‘ನಿಮಗೆ ಚೆನ್ನಾಗಿ ಕೂರುವ ಒಂದು ಕುರ್ತಿ ಹಾಸಿ, ಕಂಕುಳ ಕೆಳಗೆ ಅಳೆದು ಹೇಳಿ’ ಎಂದು ಕೇಳಿ. ಅಳೆಯುವುದು ಹೇಗೆಂದು 20 ಸೆಕೆಂಡಿನ ವಿಡಿಯೊ ಮಾಡಿಟ್ಟುಕೊಂಡರೆ ಎಲ್ಲರಿಗೂ ಅದನ್ನೇ ಕಳಿಸಬಹುದು.

ಹೊಸ ಲಾಟ್ ಬಂದಾಗ ಒಂದು ಪೀಸನ್ನು ಒಗೆದು, ಒಣಗಿಸಿ ಮತ್ತೆ ಅಳೆಯಿರಿ. ಅಗ್ಗದ ರೇಯಾನ್ 46 ಇಂಚಿನ ಉದ್ದದಲ್ಲಿ ಒಂದೂವರೆ ಇಂಚು ಸುಲಭವಾಗಿ ಕುಗ್ಗುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಒಳಭಾಗ ಉಜ್ಜಿ, ಬಣ್ಣ ಹತ್ತಿದರೆ ‘ಮೊದಲೆರಡು ಸಲ ಬೇರೆಯಾಗಿ ಒಗೆಯಿರಿ’ ಎಂದು ಬರೆಯಿರಿ. ಉಪ್ಪುನೀರಿನಲ್ಲಿ ನೆನೆಸಿ ಎಂಬ ಸಲಹೆ ಕೊಡಬೇಡಿ, ಸರಿಯಾಗಿ ಕೂರದ ಬಣ್ಣವನ್ನು ಉಪ್ಪು ಹಿಡಿದಿಡುವುದಿಲ್ಲ.

2. ಫೋಟೊ

ಬೆಳಗಿನ ಹೊತ್ತು, ನೆರಳಲ್ಲಿ, ಫಿಲ್ಟರ್ ಇಲ್ಲದೆ ತೆಗೆಯಿರಿ. ಕ್ಯಾಮೆರಾ ಬಣ್ಣ ತಪ್ಪಿಸದಿರಲು ಪಕ್ಕದಲ್ಲಿ ಬಿಳಿ ಹಾಳೆ ಇರಲಿ.

ಸೀರೆ ಮಾರುವವರಿಗೆ ಇಲ್ಲೇ ಒಂದು ಮಾತು. ಆರ್ಟ್ ಸಿಲ್ಕನ್ನು (ಕೃತಕ ರೇಷ್ಮೆಯನ್ನು) ‘ಪ್ಯೂರ್ ಸಿಲ್ಕ್’ ಎಂದು ಬರೆಯಬೇಡಿ. ಶಿಡ್ಲಘಟ್ಟದಂಥ ಊರಲ್ಲಿ ರೇಷ್ಮೆ ಎಳೆಯನ್ನು ಮುಟ್ಟಿಯೇ ಹೇಳುವವರಿದ್ದಾರೆ. ಸಂಶಯವಿದ್ದರೆ ಅಂಚಿನ ಒಂದೆಳೆ ಸುಟ್ಟು ನೋಡಿ: ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಶುದ್ಧ ರೇಷ್ಮೆ ಎಂದು ಖಾತ್ರಿಪಡಿಸುವ ಸಿಲ್ಕ್ ಮಾರ್ಕ್ ಲೇಬಲ್ ಇದ್ದರೆ ಅದರ ಫೋಟೊ ಹಾಕಿ.

3. ಹಣ ಮತ್ತು ವಿಳಾಸ

ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಟ್ಟಬೇಡಿ, ಖಾತೆಗೆ ಹಣ ಬಿದ್ದಿದೆಯೇ ನೋಡಿ.

ವಿಳಾಸದಲ್ಲಿ ಹೋಬಳಿ, ತಾಲ್ಲೂಕು, ಅಂಚೆ ಕಚೇರಿ ಹೆಸರು ಕೇಳಿ ಪಡೆಯಿರಿ. ಹೊಸಹಳ್ಳಿ ಎಂಬ ಊರು ಎಷ್ಟೋ ತಾಲ್ಲೂಕುಗಳಲ್ಲಿದೆ. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆಯಾದರೂ ಚಿಂತಾಮಣಿ ಕಡೆಯ ಕೆಲವರು ಇಂದಿಗೂ ಕೋಲಾರ ಜಿಲ್ಲೆ ಎಂದೇ ಬರೆಯುತ್ತಾರೆ. ಊರಿನ ಪಿನ್ ಕೋಡ್ ಕೂಡ 563125, ಕೋಲಾರದ್ದರಂತೆ 563ರಿಂದಲೇ ಶುರು. ಜಿಲ್ಲೆ ಹೆಸರಿಗಿಂತ ಪಿನ್ ಕೋಡ್ ನಂಬಿ. ಒಳಹಳ್ಳಿಗೆ ಕೊರಿಯರ್ ಬಾಗಿಲವರೆಗೆ ಹೋಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ.

ಪ್ಯಾಕ್ ಮಾಡುವಾಗ ಸೈಜ್ ಲೇಬಲ್, ಬಟ್ಟೆಯ ಎರಡೂ ಬದಿ, ವಿಳಾಸದ ಚೀಟಿ ಕಾಣುವಂತೆ ಒಂದೇ ವಿಡಿಯೊ ತೆಗೆದಿಡಿ.

4. ದೂರು ಬಂದಾಗ

ಮೊದಲ ಉತ್ತರ ಅದೇ ದಿನ ಹೋಗಬೇಕು, ಆದಷ್ಟು ಒಂದು ಗಂಟೆಯೊಳಗೆ. ತಪ್ಪು ಯಾರದ್ದು ಎಂಬ ಮಾತು ಅದರಲ್ಲಿ ಬೇಡ. ಹೀಗೆ ಬರೆಯಿರಿ: ‘ತೊಂದರೆ ಆಯ್ತು ಅಕ್ಕ, ಸರಿ ಮಾಡಿಕೊಡ್ತೀವಿ. ಕುರ್ತಿ ಹಾಸಿ, ಟೇಪು ಇಟ್ಟು ಕಂಕುಳ ಕೆಳಗಿನ ಒಂದು ಫೋಟೊ ಕಳಿಸಿ. ನಾಳೆ 11 ಗಂಟೆಯೊಳಗೆ ಏನು ಮಾಡ್ತೀವಿ ಅಂತ ಹೇಳ್ತೀನಿ.’ ಹೇಳಿದ ಹೊತ್ತಿಗೆ ಹೇಳಿ. ಬಾಗೇಪಲ್ಲಿ, ಮುಳಬಾಗಿಲು, ಪಾವಗಡ ಕಡೆಯಿಂದ ತೆಲುಗಿನಲ್ಲಿ ವಾಯ್ಸ್ ಮೆಸೇಜ್ ಬಂದರೆ ತೆಲುಗಿನಲ್ಲೇ ಉತ್ತರಿಸಿ, ಬಾರದಿದ್ದರೆ ಬಲ್ಲವರಿಂದ ಹೇಳಿಸಿ. ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ಫೋಟೊ ಬಂದ ಮೇಲೆ ತೀರ್ಮಾನ ಸುಲಭ. ಬಟ್ಟೆ ನೀವು ಬರೆದ ಅಳತೆಗಿಂತ ಅರ್ಧ ಇಂಚಿಗೂ ಹೆಚ್ಚು ವ್ಯತ್ಯಾಸವಿದ್ದರೆ ತಪ್ಪು ನಿಮ್ಮದು, ಹೋಗಿಬರುವ ಎರಡೂ ಕಡೆಯ ಕೊರಿಯರ್ ಖರ್ಚು ನಿಮ್ಮದೇ. ಅಳತೆ ಸರಿಯಾಗಿದ್ದರೆ ಬದಲಾಯಿಸಿಕೊಡಿ, ವಾಪಸ್ ಕಳಿಸುವ ಖರ್ಚು ಮಾತ್ರ ಅವರದ್ದಿರಲಿ. ಅದಕ್ಕೂ ಮೊದಲು ಒಳಗಿನ ಮಾರ್ಜಿನ್ ನೋಡಿಸಿ. ಪಕ್ಕದ ಹೊಲಿಗೆಯಲ್ಲಿ ಹಿಂದೆ ಮುಂದೆ ಅರ್ಧರ್ಧ ಇಂಚು ಬಿಚ್ಚಿದರೆ ಎರಡೂ ಬದಿ ಸೇರಿ ಸುತ್ತಳತೆ ಎರಡು ಇಂಚು ಹೆಚ್ಚುತ್ತದೆ. ಅವರ ಊರಿನ ಟೈಲರ್‌ಗೆ ಕೊಡುವ ಹಣವನ್ನು ನೀವು ಹಾಕಿದರೂ ಕೊರಿಯರ್‌ಗಿಂತ ಅಗ್ಗ.

ಹರಿದದ್ದು, ಕಲೆಯಾದದ್ದು, ಬೇರೆ ಬಣ್ಣದ್ದು ಹೋಗಿದ್ದರೆ ಮಾತೇ ಇಲ್ಲ, ವಾಪಸ್ ತೆಗೆದುಕೊಳ್ಳಬೇಕು. ‘ನೋ ರಿಟರ್ನ್, ನೋ ರಿಫಂಡ್’ ಎಂದು ಬರೆದುಕೊಂಡರೆ ಪಾರಾಗಬಹುದು ಎಂಬುದು ತಪ್ಪು ತಿಳಿವಳಿಕೆ. ದೋಷವಿರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಪಾರ್ಸೆಲ್ ಬಿಚ್ಚುವಾಗ ತೆಗೆದ ಓಪನಿಂಗ್ ವಿಡಿಯೊ ಕೇಳಿ, ಆದರೆ ಅದಿಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬೇಡಿ. ನಿಮ್ಮ ಪ್ಯಾಕಿಂಗ್ ವಿಡಿಯೊ ಇದೆಯಲ್ಲ, ಅದನ್ನು ತೆಗೆದು ನೋಡಿ.

ಹಣ ಮರಳಿಸುವಾಗ ಅವರು ಕಟ್ಟಿದ ಯುಪಿಐ ಸಂಖ್ಯೆಗೇ ಹಾಕಿ, ಹಣ ಹೋದದ್ದಕ್ಕೆ ಗುರುತಾದ ಯುಟಿಆರ್ ಸಂಖ್ಯೆ ಕಳಿಸಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ ಎಂದೂ ತಿಳಿಸಿ, ರಿಫಂಡ್ ಹೆಸರಿನಲ್ಲಿ ಮೋಸ ಮಾಡುವವರಿದ್ದಾರೆ. ‘ಹಣದ ಬದಲು ಬೇರೆ ಬಟ್ಟೆ ತಗೊಳ್ಳಿ’ ಎಂದು ಒತ್ತಾಯಿಸಬೇಡಿ.

5. ವಾಪಸ್ ಬಂದ ಪೀಸು

ಕಂಕುಳ ಭಾಗ ಮೂಸಿ ನೋಡಿ, ಕುತ್ತಿಗೆಯ ಒಳಪಟ್ಟಿಯಲ್ಲಿ ಪೌಡರ್ ಗುರುತಿದೆಯೇ ನೋಡಿ. ಇದ್ದರೆ ಹೊಸದೆಂದು ಮತ್ತೆ ಮಾರಬೇಡಿ. ವಾಪಸ್ ಬಂದ ಕಾರಣವನ್ನು ಚೀಟಿಯಲ್ಲಿ ಬರೆದು ಪುಸ್ತಕಕ್ಕೆ ಅಂಟಿಸಿ. ಒಂದೇ ಡಿಸೈನ್ ಎರಡು ಸಲ ಒಂದೇ ಕಾರಣಕ್ಕೆ ಬಂತೆಂದರೆ ಅವತ್ತೇ ಪೋಸ್ಟ್ ತೆಗೆದು, ಉಳಿದ ಪೀಸುಗಳನ್ನೆಲ್ಲ ಮೇಜಿನ ಮೇಲೆ ಹಾಸಿ ಮತ್ತೆ ಅಳೆಯಿರಿ.