ಪಂಚಾಂಗದ ಪಕ್ಕದಲ್ಲೊಂದು ಲೆಕ್ಕದ ಪುಸ್ತಕ: ಪಾಠಶಾಲೆಯ ವಟುಗಳಿಗೆ ಹಣಕಾಸು ಕಲಿಸುವುದು ಹೇಗೆ?

ವೇದ ಅಥವಾ ಆಗಮ ಪಾಠಶಾಲೆಯಲ್ಲಿ ಐದಾರು ವರ್ಷ ಕಲಿತು ಹೊರಬರುವ ಹುಡುಗನಿಗೆ ಕಲಶಸ್ಥಾಪನೆಯಿಂದ ಪೂರ್ಣಾಹುತಿಯವರೆಗೆ ಎಲ್ಲವೂ ಕಂಠಪಾಠವಾಗಿರುತ್ತದೆ. ಆದರೆ ದಕ್ಷಿಣೆ, ತಟ್ಟೆಕಾಸುಗಳನ್ನೇ ನಂಬಿ ಸಂಸಾರ ನಡೆಸುವ ಬಗೆಯನ್ನು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. 2020ರ ಮಾರ್ಚ್‌ನಲ್ಲಿ ಮುಚ್ಚಿದ ದೇವಸ್ಥಾನಗಳು ಜೂನ್ 8ರವರೆಗೆ ಭಕ್ತರಿಗೆ ತೆರೆಯದೇ ಇದ್ದಾಗ, ಅರ್ಚಕರ ಎಷ್ಟೋ ಮನೆಗಳು ಆಹಾರ ಕಿಟ್‌ಗೆ ಕಾಯಬೇಕಾಯಿತು. ಆ ಸಂಕಟ ಮರುಕಳಿಸಬಾರದೆಂದರೆ ಈ ಪಾಠವನ್ನು ಪಾಠಶಾಲೆಯಲ್ಲೇ ಶುರು ಮಾಡಬೇಕು.

ಮೊದಲ ಪಾಠಕ್ಕೆ ಪಂಚಾಂಗವೇ ಸಾಕು. ವಟುಗಳ ಕೈಗೆ ಹಾಳೆ ಕೊಟ್ಟು, ಚೈತ್ರದಿಂದ ಫಾಲ್ಗುಣದವರೆಗೆ ಹನ್ನೆರಡು ಸಾಲು ಬರೆಸಿ, ಯಾವ ಮಾಸದಲ್ಲಿ ಏನು ಕೆಲಸ ಬರುತ್ತದೆಂದು ತುಂಬಿಸಿರಿ. ವೈಶಾಖದಲ್ಲಿ ಮದುವೆ, ಮುಂಜಿ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ವ್ರತ, ಸತ್ಯನಾರಾಯಣ ಪೂಜೆ. ಭಾದ್ರಪದದ ಮೊದಲರ್ಧ ಗಣಪತಿ, ಉಳಿದರ್ಧ ಪಕ್ಷಮಾಸದ ಶ್ರಾದ್ಧಗಳು. ಆಷಾಢದ ಸಾಲು ಹೆಚ್ಚುಕಡಿಮೆ ಖಾಲಿ, ಪುಷ್ಯದ್ದೂ ಹಾಗೆಯೇ. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಶುಭಕಾರ್ಯಗಳಿಲ್ಲ. ಅದು ಮುಗಿದು ನಿಜ ಜ್ಯೇಷ್ಠ ಕಳೆದರೆ ಮತ್ತೆ ಆಷಾಢ. ತಿಥಿ ನೋಡಲು ಬಲ್ಲ ಹುಡುಗನಿಗೆ ಇದನ್ನು ಎರಡು ಸಲ ಹೇಳಬೇಕಾಗುವುದಿಲ್ಲ. ಆಮೇಲೆ ಅಂದಾಜು ಮೊತ್ತ ಬರೆಸಿರಿ: ವೈಶಾಖದಲ್ಲಿ 32,000 ರೂಪಾಯಿ ಬಂದು ಆಷಾಢದಲ್ಲಿ 5,000 ಬಂದರೂ, ವರ್ಷದ ಒಟ್ಟು 2,16,000 ಆದರೆ ಮನೆಗೆ ತಿಂಗಳಿಗೆ ಸಲ್ಲುವುದು 18,000 ಮಾತ್ರ. ಅದಕ್ಕಿಂತ ಹೆಚ್ಚಿಗೆ ಬಂದದ್ದು ಖಾಲಿ ಮಾಸಗಳ ಪಾಲು.

ಎರಡನೆಯದು ದೇವರ ದುಡ್ಡು, ಮನೆಯ ದುಡ್ಡು ಬೇರೆ ಮಾಡುವುದು. ನನ್ನ ಮಟ್ಟಿಗೆ ಇಡೀ ಪಾಠದ ಜೀವಾಳವೇ ಇದು. ಮಂಗಳಾರತಿ ತಟ್ಟೆಗೆ ಬಿದ್ದ ಕುಂಕುಮ ಮೆತ್ತಿದ ಹತ್ತರ ನೋಟು ಯಾರದು ಎಂಬುದಕ್ಕೆ ಊರಿನ ರೂಢಿಯಾದರೂ ಇರುತ್ತದೆ; ಹುಂಡಿಯ ಮೇಲೆ ಅಂಟಿಸಿದ ಕ್ಯೂಆರ್ ಕೋಡ್‌ಗೆ ಅಂಥ ರೂಢಿ ಇನ್ನೂ ಬಂದಿಲ್ಲ. ಅದು ಅರ್ಚಕನ ಸ್ವಂತ ಖಾತೆಯದಾಗಿದ್ದರೆ, ಒಂದು ಪೈಸೆ ಮುಟ್ಟದಿದ್ದರೂ ಅವನು ಊರ ಬಾಯಿಗೆ ಬೀಳುತ್ತಾನೆ. ಆದ್ದರಿಂದ ಎರಡು ಖಾತೆ, ಎರಡು ಪುಸ್ತಕ, ಪ್ರತಿ ಸೇವೆಗೂ ರಸೀದಿ ಎಂಬುದನ್ನು ಮಡಿಯ ನಿಯಮದಷ್ಟೇ ಕಟ್ಟುನಿಟ್ಟಾಗಿ ರೂಢಿಸಬೇಕು. ವಾರ್ಷಿಕ ಆದಾಯ ಐದು ಲಕ್ಷಕ್ಕಿಂತ ಕಡಿಮೆಯಿರುವ ‘ಸಿ’ ವರ್ಗದ ಮುಜರಾಯಿ ದೇವಸ್ಥಾನಗಳ ತಸ್ತಿಕ್ ಅನ್ನು, ಅಂದರೆ ಪೂಜೆಯ ಖರ್ಚಿಗೆ ಸರ್ಕಾರ ವರ್ಷಕ್ಕೆ ಕೊಡುವ ಹಣವನ್ನು, 2025–26ರ ರಾಜ್ಯ ಬಜೆಟ್‌ನಲ್ಲಿ 60,000ದಿಂದ 72,000 ರೂಪಾಯಿಗೆ ಏರಿಸಲಾಯಿತು. ಇದನ್ನು ತಿಂಗಳಿಗೆ 6,000ದಂತೆ ಹಂಚಿ, ಎಣ್ಣೆ, ಹೂವು, ನೈವೇದ್ಯ ಕಳೆದು ಏನುಳಿಯುತ್ತದೆಂದು ವಟುಗಳಿಂದಲೇ ಲೆಕ್ಕ ಹಾಕಿಸಿರಿ.

ಮೂರನೆಯದು ಮುಪ್ಪಿನ ಯೋಚನೆ. ಹದಿನೆಂಟು ತುಂಬಿದ ವಟು ಅಟಲ್ ಪಿಂಚಣಿ ಯೋಜನೆಗೆ ತಿಂಗಳಿಗೆ 210 ರೂಪಾಯಿ ಕಟ್ಟುತ್ತ ಹೋದರೆ ಅರವತ್ತರ ನಂತರ ತಿಂಗಳಿಗೆ 5,000 ಸಿಗುತ್ತದೆ; ಮೂವತ್ತಕ್ಕೆ ಶುರು ಮಾಡಿದರೆ ಅದೇ ಪಿಂಚಣಿಗೆ 577 ಕಟ್ಟಬೇಕು. ಈ ಎರಡು ಅಂಕಿಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದರೆ ಸಾಕು. ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ ವಿಮೆ ಮತ್ತು 20 ರೂಪಾಯಿಯ ಸುರಕ್ಷಾ ಅಪಘಾತ ವಿಮೆಯ ಅರ್ಜಿಗಳನ್ನು ತರಗತಿಯಲ್ಲೇ ತುಂಬಿಸಬಹುದು.

ದಕ್ಷಿಣೆಯೂ ಆದಾಯವೇ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿರಿ. ತೆರಿಗೆ ಬೀಳದಿದ್ದರೂ ವರ್ಷವರ್ಷ ರಿಟರ್ನ್ಸ್ ಸಲ್ಲಿಸಿದವನಿಗೆ ಮುಂದೆ ಮನೆ ಸಾಲ ಕೇಳುವಾಗ ತೋರಿಸಲು ಕಾಗದವಿರುತ್ತದೆ.

ಕೊನೆಯ ವರ್ಷದ ವಟುಗಳು ಗುರುಗಳ ಜೊತೆ ಹೋಮಕ್ಕೋ ವ್ರತಕ್ಕೋ ಹೋಗಿ ಬಂದಾಗ ಅವರ ಕೈಗೂ ಸಂಭಾವನೆ ಬಂದಿರುತ್ತದೆ. ಅಂದು ರಾತ್ರಿ ಊಟಕ್ಕೆ ಮುಂಚೆ ಪುಸ್ತಕ ತೆರೆಸಿ, ತಿಥಿ, ಯಜಮಾನರ ಊರು, ಬಂದ ಮೊತ್ತ, ಬಸ್ ಖರ್ಚು, ಉಳಿತಾಯ ಖಾತೆಗೆ ಹಾಕಿದ್ದೆಷ್ಟು ಎಂಬ ಐದು ಕಲಂ ಬರೆಸಿರಿ. ತಿಂಗಳ ಅಮಾವಾಸ್ಯೆ ಅನಧ್ಯಯನ, ಅಂದರೆ ಪಾಠವಿಲ್ಲದ ದಿನವಾದ್ದರಿಂದ ಅಂದು ಗುರುಗಳೇ ಕೂತು ಆ ಪುಸ್ತಕಗಳನ್ನು ನೋಡಲಿ.